ಹಡಗಿನ ಹಿಂದೆ ಬರೆದ ಊರು: ಅದನ್ನು ಓದುವುದು ಹೇಗೆ, ಎಷ್ಟು ನಂಬಬಹುದು

ಪಣಂಬೂರು ಬೀಚಿನಲ್ಲಿ ನಿಂತರೆ ದೂರದಲ್ಲಿ ಲಂಗರು ಹಾಕಿ ಸರದಿ ಕಾಯುವ ಹಡಗು ಒಂದಾದರೂ ಕಾಣುವುದು ಮಾಮೂಲು. ಬೈನಾಕ್ಯುಲರ್ ಇದ್ದರೆ, ಅಥವಾ ಫೋನಿನ ಜೂಮ್ ಚೆನ್ನಾಗಿದ್ದರೆ, ಅದರ ಹಿಂಬದಿಯಲ್ಲಿ ಎರಡು ಸಾಲು ಓದಬಹುದು. ಮೇಲಿನದು ಹಡಗಿನ ಹೆಸರು. ಕೆಳಗಿನದು ಒಂದು ಊರು. ಮನ್ರೋವಿಯಾ, ಮಾಜುರೊ, ಪನಾಮಾ, ವಲ್ಲೆಟ್ಟಾ, ಹೀಗೆ ಏನೋ ಒಂದು. ಓಹೋ, ಅಲ್ಲಿಂದ ಬಂದಿದೆ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲಿಂದ ಬಂದಿರುವುದಿಲ್ಲ. ಎಷ್ಟೋ ಹಡಗುಗಳು ಬೆನ್ನ ಮೇಲೆ ಬರೆದುಕೊಂಡ ಊರನ್ನು ಒಂದು ಸಲವೂ ನೋಡದೆ ಗುಜರಿಗೆ ಹೋಗುತ್ತವೆ.

ಇದು ಹೊಸ ಕತೆಯೂ ಅಲ್ಲ. ಟೈಟಾನಿಕ್ ಹಿಂದೆ ಲಿವರ್‌ಪೂಲ್ ಅಂತ ಬರೆದಿತ್ತು. ಕಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ, 1912ರ ಏಪ್ರಿಲ್‌ನಲ್ಲಿ ಹೊರಟಿದ್ದು ಸೌತಾಂಪ್ಟನ್‌ನಿಂದ. ಲಿವರ್‌ಪೂಲ್ ಕಡೆ ಅದು ತಲೆ ಹಾಕಿಯೂ ಮಲಗಲಿಲ್ಲ. ನೋಂದಣಿ ಅಲ್ಲಿ ಆಗಿತ್ತು, ಅಷ್ಟೇ.

ಅಂದರೆ ಆ ಊರು ಹಡಗಿನ ನೋಂದಣಿ ಬಂದರು. ಲಕ್ಷಗಟ್ಟಲೆ ತೆರಿಗೆ ಉಳಿಸಲು ಪುದುಚೇರಿಯ ಪಿವೈ ನಂಬರ್ ಹಾಕಿಸಿಕೊಂಡು ಬೆಂಗಳೂರಿನಲ್ಲೇ ಓಡಾಡುವ ದುಬಾರಿ ಕಾರುಗಳನ್ನು ನೀವು ನೋಡಿರುತ್ತೀರಿ, ಅಲ್ವಾ? ಬಹುಪಾಲು ಹಡಗುಗಳ ವಿಷಯವೂ ಹಾಗೆಯೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕಾರಿನ ನಂಬರ್ ಬದಲಾದರೆ ಕಾರಿನೊಳಗಿನ ಕಾನೂನು ಬದಲಾಗಲ್ಲ. ಹಡಗಿನದು ಬದಲಾಗುತ್ತದೆ. ಹಾಗಾಗಿ ಆ ಎರಡನೇ ಸಾಲನ್ನು ಸರಿಯಾಗಿ ಓದಲು ಕಲಿತರೆ ಲಾಭ ಇದೆ, ಅದರಲ್ಲೂ ಮನೆಯಲ್ಲಿ ಯಾರಾದರೂ ಶಿಪ್ಪಿಗೆ ಹೋಗುವವರಿದ್ದರೆ.

ಮೊದಲು ಸರಿಯಾದ ಜಾಗ ನೋಡಿ

ಹಡಗಿನ ಮೈ ತುಂಬಾ ಅಕ್ಷರಗಳಿರುತ್ತವೆ. ಪಕ್ಕದಲ್ಲಿ ಮನೆಯಷ್ಟು ದೊಡ್ಡದಾಗಿ ಬರೆದಿರುವುದು ಕಂಪನಿಯ ಹೆಸರು, ಅದು ಬರೀ ಜಾಹೀರಾತು. 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಹಡಗಿನ ಹೆಸರು ಎವರ್‌ಗ್ರೀನ್ ಅಂತ ಇವತ್ತಿಗೂ ಎಷ್ಟೋ ಜನ ಹೇಳುತ್ತಾರೆ. ಅದು ಪಕ್ಕದಲ್ಲಿ ಬರೆದಿದ್ದ ಕಂಪನಿ. ಹಡಗಿನ ಹೆಸರು ಎವರ್ ಗಿವನ್. ಹಿಂದೆ ಬರೆದ ಊರು ಪನಾಮಾ.

ಮುಂಭಾಗದ ಎರಡೂ ಬದಿಯಲ್ಲಿ ಹೆಸರು ಮಾತ್ರ ಇರುತ್ತದೆ, ಊರು ಇರಲ್ಲ. ನಡುವೆ ನೀರಿನ ಮಟ್ಟದ ಹತ್ತಿರ ಅಡ್ಡಗೆರೆ ಎಳೆದ ಒಂದು ಚಕ್ರ ಇದ್ದು, ಅದರ ಅಕ್ಕಪಕ್ಕ ಎರಡು ಅಕ್ಷರ ಕಾಣುತ್ತವೆ. ಎಲ್‌ಆರ್, ಬಿವಿ, ಎನ್‌ಕೆ, ಐಆರ್ ಇತ್ಯಾದಿ. ಅದನ್ನು ದೇಶದ ಕೋಡ್ ಅಂದುಕೊಳ್ಳಬೇಡಿ. ಹಡಗಿನ ಗಟ್ಟಿತನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಗುರುತು ಅದು. ಎಲ್‌ಆರ್ ಅಂದರೆ ಲಾಯ್ಡ್ಸ್ ರಿಜಿಸ್ಟರ್, ಐಆರ್ ಅಂದರೆ ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್.

ಬಾವುಟದಲ್ಲೂ ಎಡವುವುದು ಸುಲಭ. ಬಂದರಿನಲ್ಲಿ ನಿಂತ ಹಡಗಿನ ಕಂಬದ ಮೇಲೆ ತಿರಂಗಾ ಹಾರುತ್ತಿದ್ದರೆ ಅದು ಭಾರತದ ಹಡಗು ಅಂತ ಅರ್ಥ ಅಲ್ಲ, ಬಹುಪಾಲು ಅದು ವಿದೇಶಿ ಹಡಗೇ ಆಗಿರುತ್ತದೆ. ಬಂದ ದೇಶಕ್ಕೆ ಮರ್ಯಾದೆ ಕೊಡಲು ಅದರ ಧ್ವಜವನ್ನು ಕಂಬಕ್ಕೆ ಏರಿಸುವುದು ರೂಢಿ. ಹಡಗಿನ ಸ್ವಂತ ದೇಶದ ಬಾವುಟ ಇರುವುದು ಹಿಂಬದಿಯಲ್ಲಿ, ಊರಿನ ಹೆಸರಿನ ಮೇಲ್ಗಡೆ. ತಮಾಷೆ ಏನು ಗೊತ್ತಾ? ನಿಜವಾದ ಭಾರತೀಯ ವ್ಯಾಪಾರಿ ಹಡಗು ಹಿಂದೆ ಹಾರಿಸುವುದು ಬರೀ ತಿರಂಗಾ ಅಲ್ಲ. ಕೆಂಪು ಬಟ್ಟೆ, ಅದರ ಮೇಲಿನ ಮೂಲೆಯಲ್ಲಿ ಸಣ್ಣದಾಗಿ ತ್ರಿವರ್ಣ. ಬ್ರಿಟಿಷರ ಕಾಲದ ವಿನ್ಯಾಸ, ಹಾಗೇ ಉಳಿದಿದೆ.

ಊರಿನಿಂದ ದೇಶಕ್ಕೆ

ಊರು ಗೊತ್ತಾದರೆ ದೇಶ ಗೊತ್ತಾಯಿತು. ಮನ್ರೋವಿಯಾ ಅಂದರೆ ಲೈಬೀರಿಯಾ. ಮಾಜುರೊ ಅಂದರೆ ಮಾರ್ಷಲ್ ದ್ವೀಪಗಳು. ಪನಾಮಾಕ್ಕೆ ಊರೂ ದೇಶವೂ ಒಂದೇ ಹೆಸರು, ಸಿಂಗಾಪುರಕ್ಕೂ ಅಷ್ಟೇ. ವಲ್ಲೆಟ್ಟಾ ಮಾಲ್ಟಾದ್ದು, ನಸ್ಸಾವ್ ಬಹಾಮಾಸ್‌ನದ್ದು (ಪ್ರವಾಸಿ ಹಡಗುಗಳ ಹಿಂದೆ ಇದು ಜಾಸ್ತಿ), ಲಿಮಸೋಲ್ ಸೈಪ್ರಸ್‌ನದ್ದು. ಭಾರತದ ದೊಡ್ಡ ಹಡಗುಗಳ ಹಿಂದೆ ಸಾಮಾನ್ಯವಾಗಿ ಮುಂಬೈ ಅಂತ ಇರುತ್ತದೆ. ಇಷ್ಟು ನೆನಪಿದ್ದರೆ ಕರಾವಳಿಯಲ್ಲಿ ಕಾಣುವ ಹಡಗುಗಳಲ್ಲಿ ಹೆಚ್ಚಿನವನ್ನು ಗುರುತಿಸಬಹುದು. ಯಾಕೆಂದರೆ ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು, ಈ ಮೂರೇ ಜಗತ್ತಿನ ಅತಿ ದೊಡ್ಡ ಹಡಗು ನೋಂದಣಿಗಳು.

ಸಮುದ್ರವೇ ಇಲ್ಲದ ಊರುಗಳೂ ಸಿಗುತ್ತವೆ. ಸ್ವಿಟ್ಜರ್‌ಲ್ಯಾಂಡ್‌ನ ಎಲ್ಲ ಸಮುದ್ರ ಹಡಗುಗಳ ನೋಂದಣಿ ಬಂದರು ಬಾಸೆಲ್. ಅದು ರೈನ್ ನದಿ ದಡದ ಊರು, ಸಮುದ್ರದ ದೊಡ್ಡ ಹಡಗು ಅಲ್ಲಿಗೆ ಹೋಗಲು ಸಾಧ್ಯವೇ ಇಲ್ಲ. ಮಂಗೋಲಿಯಾ ಧ್ವಜದ ಹಡಗಿನ ಹಿಂದೆ ಉಲಾನ್‌ಬಾತರ್ ಅಂತ ಇರುತ್ತದೆ. ಸುತ್ತ ಬರೀ ಹುಲ್ಲುಗಾವಲು, ಆದರೆ ಹಡಗಿಗೆ ತವರು. ಇದೆಲ್ಲ ಕಾನೂನುಬದ್ಧವೇ. ಕರಾವಳಿ ಇರಲಿ ಬಿಡಲಿ, ಹಡಗಿಗೆ ತನ್ನ ಧ್ವಜ ಕೊಡುವ ಹಕ್ಕು ಪ್ರತಿ ದೇಶಕ್ಕೂ ಇದೆ.

ಹಾಗಾದರೆ ಆ ಊರಿನಿಂದ ಏನು ಗೊತ್ತಾಗುತ್ತದೆ

ಒಂದೇ ವಿಷಯ, ಆದರೆ ದೊಡ್ಡದು. ನಡುಸಮುದ್ರದಲ್ಲಿ ಆ ಹಡಗಿನ ಮೇಲೆ ಯಾರ ಕಾನೂನು ನಡೆಯುತ್ತದೆ ಅನ್ನುವುದು. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 92ನೇ ವಿಧಿ ಪ್ರಕಾರ ಹಡಗು ಒಂದೇ ಧ್ವಜದಡಿ ಓಡಬೇಕು. ತೆರೆದ ಸಮುದ್ರದಲ್ಲಿ ಅಧಿಕಾರ ಆ ಧ್ವಜದ ದೇಶಕ್ಕೇ. ಹಡಗು ಸುರಕ್ಷಿತವಾಗಿದೆಯಾ, ಎಷ್ಟು ಜನ ಸಿಬ್ಬಂದಿ ಇರಬೇಕು, ಅವರ ದುಡಿಮೆಯ ಗಂಟೆ ಎಷ್ಟು, ಅಪಘಾತ ಆದರೆ ತನಿಖೆ ಮಾಡುವವರು ಯಾರು, ಇದೆಲ್ಲ ಧ್ವಜದ ದೇಶದ ಹೊಣೆ. ಹಡಗಿಗೂ ಆ ದೇಶಕ್ಕೂ ನಿಜವಾದ ನಂಟು ಇರಬೇಕು ಅಂತ 91ನೇ ವಿಧಿ ಹೇಳುತ್ತದೆ. ಆದರೆ ಆ ನಂಟು ಅಂದರೆ ಏನು ಅಂತ ಅದು ಬಿಡಿಸಿ ಹೇಳುವುದಿಲ್ಲ. ಇಡೀ ವ್ಯವಹಾರ ನಿಂತಿರುವುದೇ ಆ ಸಂದಿಯಲ್ಲಿ.

ಹಡಗಿನ ಮಾಲೀಕರು ಊರು ಬದಲಿಸುವುದು ಯಾಕೆ? ತೆರಿಗೆ, ಸಂಬಳದ ಖರ್ಚು, ಯಾವ ದೇಶದವರನ್ನು ಬೇಕಾದರೂ ಕೆಲಸಕ್ಕೆ ಇಟ್ಟುಕೊಳ್ಳುವ ಅನುಕೂಲ. ಕೆಲವು ಸಲ ಕಾರಣ ಇನ್ನೂ ಮಜವಾಗಿರುತ್ತದೆ. 1922ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಇತ್ತು. ರಿಲಯನ್ಸ್ ಮತ್ತು ರೆಸೊಲ್ಯೂಟ್ ಅನ್ನುವ ಎರಡು ಪ್ರಯಾಣಿಕರ ಹಡಗುಗಳನ್ನು ಪನಾಮಾಕ್ಕೆ ವರ್ಗಾಯಿಸಿದರು, ಹಡಗಿನಲ್ಲಿ ಮದ್ಯ ಮಾರಬಹುದು ಅಂತ. ಸುಮಾರು 90 ವರ್ಷದ ನಂತರ, 2011ರಲ್ಲಿ, ಕ್ವೀನ್ ಮೇರಿ 2 ಹಡಗಿನ ಹಿಂದಿನ ಸೌತಾಂಪ್ಟನ್ ಅಳಿಸಿ ಬರ್ಮುಡಾದ ಹ್ಯಾಮಿಲ್ಟನ್ ಅಂತ ಬರೆದರು. ಕಂಪನಿ ಹೇಳಿದ ಕಾರಣ ಮದುವೆ. ಬ್ರಿಟಿಷ್ ಕಾನೂನಿನಲ್ಲಿ ಹಡಗಿನ ಮೇಲೆ ಮದುವೆ ಮಾಡಿಸಲು ಬರುತ್ತಿರಲಿಲ್ಲ, ಬರ್ಮುಡಾದ್ದರಲ್ಲಿ ಬರುತ್ತಿತ್ತು. ಕ್ಯಾಪ್ಟನ್ ಮುಂದೆ ಮದುವೆಯಾಗಲು ಕಾಸು ಕೊಡುವವರು ಸಾಕಷ್ಟಿದ್ದರು. ಆಗ ಸೌತಾಂಪ್ಟನ್ ಜನಕ್ಕೆ ಬೇಜಾರಾಗಿದ್ದು ಬೇರೆ ಮಾತು.

ಇನ್ನೊಂದು ಗೊತ್ತಿರಲಿ. ಲೈಬೀರಿಯಾದ ನೋಂದಣಿ ಕೆಲಸ ನಡೆಯುವುದು ಹೆಚ್ಚಾಗಿ ಅಮೆರಿಕದ ವರ್ಜೀನಿಯಾದ ಕಚೇರಿಯಿಂದ. ಮಾರ್ಷಲ್ ದ್ವೀಪಗಳದ್ದೂ ಅದೇ ವರ್ಜೀನಿಯಾ. ಅಂದರೆ ಊರಿಗೆ ಹಡಗು ಹೋಗಲ್ಲ, ಕಾಗದವೂ ಹೋಗಬೇಕಾಗಿಲ್ಲ.

ಏನು ಗೊತ್ತಾಗುವುದಿಲ್ಲ

ಮಾಲೀಕರು ಯಾರು ಅಂತ ಗೊತ್ತಾಗಲ್ಲ. ಎವರ್ ಗಿವನ್ ಅನ್ನೇ ತೆಗೆದುಕೊಳ್ಳಿ. ಧ್ವಜ ಪನಾಮಾ. ಮಾಲೀಕರು ಜಪಾನಿನ ಶೋಯಿ ಕಿಸೆನ್. ಬಾಡಿಗೆಗೆ ತೆಗೆದುಕೊಂಡು ಓಡಿಸುತ್ತಿದ್ದವರು ತೈವಾನಿನ ಎವರ್‌ಗ್ರೀನ್. ದಿನನಿತ್ಯದ ನಿರ್ವಹಣೆ ಜರ್ಮನಿಯ ಬರ್ನ್‌ಹಾರ್ಡ್ ಶುಲ್ಟೆ ಕಂಪನಿಯದು. ಮೇಲೆ ಕೆಲಸ ಮಾಡುತ್ತಿದ್ದ 25 ಜನವೂ ಭಾರತೀಯರು. ಸಿಕ್ಕಿಕೊಂಡಿದ್ದು ಈಜಿಪ್ಟಿನಲ್ಲಿ. ಇಷ್ಟರಲ್ಲಿ ಹಿಂಬದಿಯ ಅಕ್ಷರ ಹೇಳುವುದು ಪನಾಮಾ ಒಂದನ್ನೇ.

ಉಳಿದದ್ದನ್ನು ಹುಡುಕಲು ಊರು ಬಿಟ್ಟು ನಂಬರಿಗೆ ಹೋಗಬೇಕು. ಐಎಂಒ (ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಅಂತ ಏಳು ಅಂಕಿ ಇರುತ್ತದೆ. ಹೆಚ್ಚಾಗಿ ಊರಿನ ಹೆಸರಿನ ಕೆಳಗೆ, ಇಲ್ಲದಿದ್ದರೆ ಪಕ್ಕದಲ್ಲಿ. ಪ್ರಯಾಣಿಕರ ಹಡಗಾದರೆ ಮೇಲಿನಿಂದ ಕಾಣುವ ಹಾಗೂ ಬರೆದಿರುತ್ತಾರೆ. ಹೆಸರು ಬದಲಾಗಬಹುದು, ಊರು ಬದಲಾಗಬಹುದು, ಮಾಲೀಕರು ಹತ್ತು ಸಲ ಬದಲಾಗಬಹುದು. ಈ ನಂಬರ್ ಮಾತ್ರ ಹಡಗು ಕಟ್ಟಿದಾಗಿನಿಂದ ಒಡೆಯುವವರೆಗೆ ಒಂದೇ. 1996ರಿಂದ ಇದು ಕಡ್ಡಾಯ. ಆಮೇಲೆ ಬಂದ ನಿಯಮದಂತೆ ಇದನ್ನು ಹಡಗಿನ ಮೈಮೇಲೆ ಅಳಿಸಲಾಗದ ಹಾಗೆ ಮೂಡಿಸಬೇಕು, ಬರೀ ಪೇಂಟ್ ಬಳಿದರೆ ಸಾಲದು.

ನಂಬರ್ ಸರಿಯಾಗಿ ಓದಿದ್ದೀರಾ ಅಂತ ನೀವೇ ಪರೀಕ್ಷಿಸಬಹುದು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆಗೆ ಗುದ್ದಿದ ಡಾಲಿ ಹಡಗಿನ ನಂಬರ್ 9697428. ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ. ಒಂಬತ್ತು ಏಳಲ 63, ಆರು ಆರಲ 36, ಒಂಬತ್ತು ಐದಲ 45, ಏಳು ನಾಲ್ಕಲ 28, ನಾಲ್ಕು ಮೂರಲ 12, ಎರಡು ಎರಡಲ 4. ಕೂಡಿಸಿದರೆ 188. ಕೊನೆಯ ಅಂಕಿ 8, ಹಡಗಿನ ಏಳನೇ ಅಂಕಿಯೂ 8. ಸರಿ ಇದೆ. ಹೊಂದಲಿಲ್ಲ ಅಂದರೆ ನೀವು ಓದಿದ್ದು ತಪ್ಪು, ಅಥವಾ ಯಾರೋ ಸುಳ್ಳು ನಂಬರ್ ಹಾಕಿದ್ದಾರೆ. ದೂರದಿಂದ 3 ಮತ್ತು 8 ಒಂದೇ ಥರ ಕಾಣುವುದರಿಂದ ಈ ಲೆಕ್ಕ ಸುಮ್ನೆ ಕಲಿತಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ನಂಬರ್ ಸಿಕ್ಕಿತಾ? ಇಕ್ವಾಸಿಸ್ ಅನ್ನುವ ವೆಬ್‌ಸೈಟಿಗೆ ಹೋಗಿ. ಒಂದು ಸಲ ಹೆಸರು ನೋಂದಾಯಿಸಬೇಕು, ದುಡ್ಡಿಲ್ಲ. ಐಎಂಒ ನಂಬರ್ ಹಾಕಿದರೆ ಈಗಿನ ಧ್ವಜ, ಕಾಗದದ ಮೇಲಿನ ಮಾಲೀಕ ಕಂಪನಿ, ನಿರ್ವಹಣೆ ಮಾಡುವ ಕಂಪನಿ, ಹಿಂದಿನ ಹೆಸರುಗಳು, ಹಿಂದಿನ ಧ್ವಜಗಳು, ಯಾವ ಬಂದರಿನಲ್ಲಿ ತಪಾಸಣೆಯಾಗಿ ಏನು ದೋಷ ಸಿಕ್ಕಿತು, ಎಲ್ಲಾದರೂ ತಡೆದು ನಿಲ್ಲಿಸಿದ್ದರಾ ಅನ್ನುವುದೆಲ್ಲ ಬರುತ್ತದೆ. ಕಾಗದದ ಮಾಲೀಕ ಅಂತ ಕಾಣುವುದು ಬಹಳ ಸಲ ಆ ಒಂದು ಹಡಗಿಗಾಗಿಯೇ ಹುಟ್ಟಿಸಿದ ಕಂಪನಿ. ಹಾಗಾಗಿ ನಿರ್ವಹಣೆ ಮಾಡುವವರ ಹೆಸರನ್ನೇ ಜಾಸ್ತಿ ಗಮನಿಸಿ. ಹಡಗನ್ನು ನಿಜವಾಗಿ ನೋಡಿಕೊಳ್ಳುವವರು ಅವರು.

ಮರೀನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಥರದ ಆ್ಯಪ್‌ಗಳಲ್ಲಿ ಎಂಎಂಎಸ್‌ಐ ಅಂತ ಒಂಬತ್ತು ಅಂಕಿಯ ಇನ್ನೊಂದು ನಂಬರ್ ಕಾಣುತ್ತದೆ. ಅದು ರೇಡಿಯೊ ನಂಬರ್. ಅದರ ಮೊದಲ ಮೂರು ಅಂಕಿ ದೇಶ ಹೇಳುತ್ತದೆ: ಭಾರತಕ್ಕೆ 419, ಲೈಬೀರಿಯಾಕ್ಕೆ 636, ಮಾರ್ಷಲ್ ದ್ವೀಪಗಳಿಗೆ 538. ಧ್ವಜ ಬದಲಾದರೆ ಇದೂ ಬದಲಾಗುತ್ತದೆ. ಅದೇ ಆ್ಯಪಿನಲ್ಲಿ ಹೋಗುವ ಜಾಗ ಅಂತ ಕಾಣುವುದನ್ನು ನೋಂದಣಿ ಬಂದರಿನ ಜೊತೆ ಬೆರೆಸಬೇಡಿ. ಅದನ್ನು ಹಡಗಿನವರು ಕೈಯಿಂದ ಟೈಪ್ ಮಾಡುತ್ತಾರೆ, ಹಳೆಯದು ಹಾಗೇ ಉಳಿದುಬಿಡುವುದೂ ಉಂಟು.

ಹಡಗು ಮುಳುಗಿದಾಗ ಈ ಊರು ಯಾಕೆ ಮುಖ್ಯ, ಯಾಕೆ ಅಲ್ಲ

2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ನೆನಪಿರಬೇಕು. 640 ಕಂಟೇನರ್ ಹೊತ್ತಿದ್ದ ಹಡಗು. ಕೇರಳದ ಕಡಲ ತೀರಕ್ಕೆ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು. ಧ್ವಜ ಲೈಬೀರಿಯಾ. ಕಂಪನಿಯ ಮುಖ್ಯ ಕಚೇರಿ ಜಿನೀವಾ. 24 ಸಿಬ್ಬಂದಿಯಲ್ಲಿ 20 ಮಂದಿ ಫಿಲಿಪೀನ್ಸ್‌ನವರು, ಕ್ಯಾಪ್ಟನ್ ರಷ್ಯಾದವರು, ಎಲ್ಲರೂ ಪಾರಾದರು. ಈಗ ಪರಿಹಾರ ಕೇಳಲು ಕೇರಳ ಸರ್ಕಾರ ಮನ್ರೋವಿಯಾಕ್ಕೆ ಹೋಗಬೇಕಾ? ಬೇಡ. ಕೇರಳ ಹೈಕೋರ್ಟಿಗೆ ಹೋಯಿತು. ಅದೇ ಕಂಪನಿಯ ಇನ್ನೊಂದು ಹಡಗು ವಿಳಿಂಜಂ ಬಂದರಿನಲ್ಲಿತ್ತು, ಅದನ್ನು ತಡೆಹಿಡಿಯಲು ಕೋರ್ಟು ಆದೇಶ ಕೊಟ್ಟಿತು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಭಾರತದ 2017ರ ಅಡ್ಮಿರಾಲ್ಟಿ ಕಾಯ್ದೆ. ಯಾವ ಊರಿನ ಹೆಸರು ಬರೆದುಕೊಂಡಿದ್ದರೂ ಸರಿ, ಹಡಗು ನಮ್ಮ ನೀರಿನೊಳಗೆ ಇದ್ದರೆ ಬಾಕಿಗಾಗಿ, ನಷ್ಟಕ್ಕಾಗಿ ಅದನ್ನೇ ಹಿಡಿದು ನಿಲ್ಲಿಸಬಹುದು. ಈ ಅಧಿಕಾರ ಇರುವ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಮಂಗಳೂರಿನಲ್ಲಿ ಡೀಸೆಲ್ ತುಂಬಿಸಿದವರಿಗೋ, ದುರಸ್ತಿ ಮಾಡಿದವರಿಗೋ ಹಡಗಿನವರು ದುಡ್ಡು ಕೊಡದಿದ್ದರೆ ಇದೇ ದಾರಿ. ಆದರೆ ಹಡಗು ಹೊರಡುವ ಮೊದಲೇ ಹೋಗಬೇಕು. ಹೊರಟ ಮೇಲೆ ಅದನ್ನು ಹಿಡಿಯಬೇಕಾದರೆ ಅದು ಮುಂದೆ ನಿಲ್ಲುವ ಬಂದರಿನಲ್ಲೇ. ಎವರ್ ಗಿವನ್ ಅನ್ನೂ ಹೀಗೇ ಹಿಡಿದಿಟ್ಟಿದ್ದರು. ಮಾರ್ಚ್ 29ಕ್ಕೆ ಮರಳಿನಿಂದ ಬಿಡುಗಡೆ ಆದರೂ ಪರಿಹಾರದ ಜಗಳದಲ್ಲಿ ಈಜಿಪ್ಟಿನವರು ಜುಲೈ 7ರವರೆಗೆ ಅದನ್ನು ಬಿಡಲಿಲ್ಲ. ಪನಾಮಾದ ಧ್ವಜ ಅಲ್ಲಿ ಯಾರನ್ನೂ ಕಾಪಾಡಲಿಲ್ಲ.

ಅಕ್ಷರದ ಮೇಲೆ ಅಕ್ಷರ

ಹಿಂಬದಿಯನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಪೇಂಟಿನ ಕೆಳಗೆ ಕಣ್ಣಾಡಿಸಿ. ಹಡಗು ಕಟ್ಟುವಾಗ ಹೆಸರನ್ನು ಕಬ್ಬಿಣದ ಮೇಲೆ ವೆಲ್ಡಿಂಗ್ ಮಾಡಿ ಉಬ್ಬಿಸಿರುತ್ತಾರೆ. ಮಾರಾಟ ಆದಾಗ ಅದನ್ನು ತೆಗೆಯಲು ಸೋಮಾರಿತನ ಮಾಡಿ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆಯುತ್ತಾರೆ. ಸಂಜೆಯ ಓರೆ ಬಿಸಿಲಿನಲ್ಲಿ ಹಳೆ ಅಕ್ಷರಗಳು ಎದ್ದು ಕಾಣುತ್ತವೆ. ಗುಜರಾತಿನ ಅಲಂಗ್‌ಗೆ ಒಡೆಯಲು ಹೋಗುವ ಹಡಗುಗಳದ್ದಂತೂ ಇನ್ನೂ ತಮಾಷೆ. ಹಳೆ ಹೆಸರಿನ ಒಂದೆರಡು ಅಕ್ಷರ ಬಳಿದು ಮುಚ್ಚಿದರೆ ಅದೇ ಹೊಸ ಹೆಸರು. ಊರು ಮಾತ್ರ ಕೊನೆ ಗಳಿಗೆಯಲ್ಲಿ ಪುಟ್ಟ ದ್ವೀಪ ದೇಶಗಳಾದ ಕೊಮೊರೊಸ್‌ನದ್ದೋ, ಪಲಾವ್‌ನದ್ದೋ ಆಗಿರುತ್ತದೆ. ಕೊನೆಯ ಒಂದು ಪ್ರಯಾಣಕ್ಕೆ ಅಗ್ಗದ ಧ್ವಜ.

ಇದಕ್ಕಿಂತ ಕೆಟ್ಟದ್ದು ಸುಳ್ಳು ಧ್ವಜ. ಆ ದೇಶದ ನೋಂದಣಿಯೇ ಆಗಿರಲ್ಲ, ನಕಲಿ ಕಾಗದ ಹಿಡಿದು ಓಡಾಡುತ್ತಿರುತ್ತವೆ. ನಿರ್ಬಂಧ ತಪ್ಪಿಸಿ ತೈಲ ಸಾಗಿಸುವ ಹಳೆ ಟ್ಯಾಂಕರ್‌ಗಳಲ್ಲಿ ಇದು ಈಚೆಗೆ ಜಾಸ್ತಿಯಾಗಿದೆ. ಹಿಂದೆ ಬರೆದ ಊರಿಗೂ ಇಕ್ವಾಸಿಸ್ ತೋರಿಸುವ ಧ್ವಜಕ್ಕೂ ಹೊಂದದಿದ್ದರೆ ಅನುಮಾನ ಪಡಲೇಬೇಕು.

ಮೀನುಗಾರಿಕೆ ಬೋಟು, ಮಂಜಿ, ಯುದ್ಧನೌಕೆ

ಮಲ್ಪೆ, ಮಂಗಳೂರಿನ ಬೋಟುಗಳಿಗೆ ಈ ಕತೆಯೆಲ್ಲ ಇಲ್ಲ. ಐಎನ್‌ಡಿ, ಆಮೇಲೆ ಕೆಎ, ಆಮೇಲೆ ಅಂಕಿ, ಎಂಎಂ ಅಂತ ನಂಬರ್ ಬರೆದಿರುತ್ತಾರೆ. ಕೆಎ ಇದ್ದರೆ ನಮ್ಮದು, ಕೆಎಲ್ ಇದ್ದರೆ ಕೇರಳದ್ದು, ಟಿಎನ್ ಇದ್ದರೆ ತಮಿಳುನಾಡಿನದ್ದು. ಮಂಗಳೂರಿನ ಹಳೆ ಬಂದರಿನಲ್ಲಿ ನಿಲ್ಲುವ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗುಗಳು) ಎಂಎನ್‌ವಿ ಅಂತ ನಂಬರ್ ಶುರುವಾದರೆ ಅದು ಕಚ್ಛ್‌ನ ಮಾಂಡ್ವಿಯಲ್ಲಿ ನೋಂದಾಯಿಸಿದ್ದು, ಬಿಡಿಐ ಆದರೆ ಬೇಡಿ ಬಂದರಿನದ್ದು.

ನೌಕಾಪಡೆಯ ಹಡಗಿನ ಲೆಕ್ಕವೇ ಬೇರೆ. ಐಎನ್‌ಎಸ್ ವಿಕ್ರಮಾದಿತ್ಯದ ತವರು ಬಂದರು ಕಾರವಾರ ಅಂದಾಗ ಅದು ನಿಜವಾಗಿಯೂ ಅಲ್ಲಿಗೆ ಬಂದು ನಿಲ್ಲುತ್ತದೆ, ದುರಸ್ತಿ, ಸಾಮಾನು ತುಂಬಿಸುವುದು, ಸಿಬ್ಬಂದಿಯ ಮನೆ ಎಲ್ಲ ಆ ಕಡೆಗೇ. ಅದನ್ನು ಹಿಂದೆ ಬರೆದುಕೊಳ್ಳುವುದಿಲ್ಲ. ಪ್ರವಾಸಿ ಹಡಗಿನ ಕಂಪನಿಗಳು ತವರು ಬಂದರು ಅನ್ನುವುದು ಮತ್ತೊಂದಕ್ಕೆ, ಪ್ರಯಾಣಿಕರು ಹತ್ತಿ ಇಳಿಯುವ ಊರಿಗೆ. ಟಿಕೆಟ್ ಮಾಡಿಸುವಾಗ ಅದನ್ನು ನೋಡಿ, ಹಿಂಬದಿಯ ಊರನ್ನಲ್ಲ.

ಮನೆಯ ಹುಡುಗ ಶಿಪ್ಪಿಗೆ ಹೊರಟಿದ್ದರೆ

ಇಲ್ಲಿ ಆ ಊರು ನೇರವಾಗಿ ಹೊಟ್ಟೆಪಾಡಿಗೆ ಸಂಬಂಧಿಸಿದ್ದು. ಏಜೆಂಟು ಆಫರ್ ಕೊಟ್ಟಾಗ ಹಡಗಿನ ಹೆಸರು ಕೇಳಿ ಸುಮ್ಮನಾಗಬೇಡಿ. ಐಎಂಒ ನಂಬರ್ ಕೇಳಿ. ಕೊಡಲು ತಡಬಡಾಯಿಸಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿದ ಹಾಗೆ. ಇಕ್ವಾಸಿಸ್‌ನಲ್ಲಿ ಹಾಕಿ ನೋಡಿ. ಎರಡು ಮೂರು ವರ್ಷದಲ್ಲಿ ಹೆಸರು, ಧ್ವಜ, ಮಾಲೀಕರು ಮೂರೂ ಪದೇ ಪದೇ ಬದಲಾಗಿದ್ದರೆ, ತಪಾಸಣೆಯಲ್ಲಿ ತಡೆದು ನಿಲ್ಲಿಸಿದ ದಾಖಲೆ ಇದ್ದರೆ, ನಾನಾದರೆ ಹೋಗಬೇಡ ಅನ್ನುತ್ತೇನೆ.

ಧ್ವಜ ಲೈಬೀರಿಯಾದ್ದೋ ಮಾರ್ಷಲ್ ದ್ವೀಪಗಳದ್ದೋ ಆಗಿದೆ ಅಂತಲೇ ಹೆದರಬೇಕಿಲ್ಲ. ಜಗತ್ತಿನ ಒಳ್ಳೊಳ್ಳೆ ಕಂಪನಿಗಳ ಹಡಗುಗಳೂ ಅದೇ ಧ್ವಜದಲ್ಲಿವೆ. ಯುರೋಪಿನ ಬಂದರು ತಪಾಸಣೆ ಕೂಟವಾದ ಪ್ಯಾರಿಸ್ ಎಂಒಯು ಪ್ರತಿ ವರ್ಷ ಧ್ವಜಗಳನ್ನು ತಪಾಸಣೆಯ ದಾಖಲೆ ನೋಡಿ ಒಳ್ಳೆಯದು, ಮಧ್ಯಮ, ಕಳಪೆ ಅಂತ ಮೂರು ಪಟ್ಟಿ ಮಾಡಿ ಹಾಕುತ್ತದೆ. ಕಳಪೆ ಪಟ್ಟಿಯ ಧ್ವಜ ಆದರೆ ಮಾತ್ರ ಹತ್ತು ಸಲ ಯೋಚಿಸಿ.

ಏಜೆಂಟಿನ ಆರ್‌ಪಿಎಸ್‌ಎಲ್ (ಹಡಗಿಗೆ ಸಿಬ್ಬಂದಿಯನ್ನು ಸೇರಿಸಲು ಬೇಕಾದ ಸರ್ಕಾರಿ ಪರವಾನಗಿ) ಲೈಸೆನ್ಸ್ ನಂಬರನ್ನು ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಲೈಸೆನ್ಸ್ ಇಲ್ಲದವರ ಮೂಲಕ ಹೋದರೆ ಆಮೇಲೆ ಕೇಳುವವರಿಲ್ಲ. ಕೆಲಸ ಕೊಡಿಸಿದ್ದಕ್ಕೆ ಅಂತ ದುಡ್ಡು ಕೇಳುವುದು ನಿಯಮಕ್ಕೆ ವಿರುದ್ಧ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಡಗು ಹತ್ತಿದ ಮೇಲೆ ಇನ್ನೊಂದು ಕಾಗದ ಹುಡುಕಲು ಹುಡುಗನಿಗೆ ಹೇಳಿ. ಮಾಲೀಕರು ಸಿಬ್ಬಂದಿಯನ್ನು ನಡುನೀರಿನಲ್ಲಿ ಕೈಬಿಟ್ಟರೆ ಊಟ, ವಾಪಸ್ ಟಿಕೆಟ್, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಕೊಡುವ ವಿಮೆಯ ಸರ್ಟಿಫಿಕೇಟ್ ಅದು. ಸಮುದ್ರ ಕಾರ್ಮಿಕರ ಒಪ್ಪಂದದ ಪ್ರಕಾರ 2017ರಿಂದ ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅದನ್ನು ಹಾಕಿರಬೇಕು. ಫೋಟೊ ತೆಗೆದು ಮನೆಗೆ ಕಳಿಸಲಿ. ಜೊತೆಗೆ ಕೆಲಸದ ಒಪ್ಪಂದದ ಎಲ್ಲ ಪುಟಗಳು, ಐಎಂಒ ನಂಬರ್, ನಿರ್ವಹಣೆ ಕಂಪನಿಯ ಹೆಸರು, ಧ್ವಜದ ದೇಶ, ಇಷ್ಟನ್ನೂ ಮನೆಯಲ್ಲಿ ಒಂದು ಕಡೆ ಬರೆದಿಡಿ. ಎರಡು ತಿಂಗಳ ಸಂಬಳ ಬಾಕಿಯಾದರೆ ಅದನ್ನೂ ಕೈಬಿಟ್ಟ ಲೆಕ್ಕಕ್ಕೇ ಸೇರಿಸಬಹುದು. ಮೂರನೇ ತಿಂಗಳಿಗೆ ಕಾಯದೆ ವಿಮೆಯವರಿಗೆ, ಡಿಜಿ ಶಿಪ್ಪಿಂಗ್‌ಗೆ, ಧ್ವಜದ ದೇಶದ ನೋಂದಣಿ ಕಚೇರಿಗೆ, ಮೂವರಿಗೂ ಒಂದೇ ದಿನ ಮೇಲ್ ಹಾಕಿ.